ಬರ್ತೀನಿ ಅಂದವರು

ಯೂನಿಫಾರ್ಮ್ ಹೊಲಿಯುವ ಆ ಕಾರ್ಖಾನೆಯ ಕಟಿಂಗ್ ಮಾಸ್ಟರಿಗೆ ಬಟ್ಟೆಯ ಇಂಗ್ಲಿಷು ನೀರು ಕುಡಿದಷ್ಟು ಸುಲಭ. ಕಾಲರ್, ಕಫ್, ಸ್ಲೀವ್, ಅರ್ಜೆಂಟ್, ಇಷ್ಟರಲ್ಲೇ ಅರ್ಧ ಆಯಸ್ಸು ಸಾಗಿತ್ತು. ತಾಪತ್ರಯ ಶುರುವಾದದ್ದು ಕನ್ನಡದ ಗಂಧಗಾಳಿಯೂ ಇಲ್ಲದ ಹೊಸ ಮ್ಯಾನೇಜರ್ ಮೇಡಂ ಬಂದ ಮೇಲೆ.

ಮೊದಲ ಸಂಜೆಯೇ ಮಾಸ್ಟರು ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತಿಟ್ಟು, ಮೇಡಂ ಕೋಣೆಯ ಬಾಗಿಲಲ್ಲಿ ನಿಂತು, ವಿನಯದಿಂದ "ಮೇಡಂ, ಐ ಕಮ್" ಎಂದು ಹೇಳಿ ಮನೆಗೆ ಹೋದರು. ಬರ್ತೀನಿ ಅನ್ನುವುದಕ್ಕೆ ಇಂಗ್ಲಿಷಿನಲ್ಲಿ ಇನ್ನೇನನ್ನಬೇಕು? ಪಾಪ, ಆಕೆ ಶಟರನ್ನು ಅರ್ಧಕ್ಕೆ ಎಳೆದು ಕಾದೇ ಕಾದರು. ಮರುದಿನ ಬೆಳಿಗ್ಗೆ ಕೋಪ ಮೂಗಿನ ತುದಿಯಲ್ಲೇ ಇತ್ತು. ಬರ್ತೀನಿ ಅಂದವರು ಯಾಕೆ ಬರಲಿಲ್ಲ ಎಂದು ಇಂಗ್ಲಿಷಿನಲ್ಲಿ ಝಾಡಿಸಿದರು. ಮಾಸ್ಟರು ತಬ್ಬಿಬ್ಬಾದರು. ಬಂದಿದ್ದಾರಲ್ಲ, ಕಣ್ಣೆದುರಿಗೇ ನಿಂತಿದ್ದಾರಲ್ಲ!

ಅಂದು ರಾತ್ರಿ ಊಟಕ್ಕೆ ಕೂತು ಇದನ್ನು ಹೇಳಿದಾಗ, ಕಾಲೇಜಿಗೆ ಹೋಗುವ ಮಗಳು ಬಿದ್ದು ಬಿದ್ದು ನಕ್ಕಳು.

"ಅಯ್ಯೋ ಅಪ್ಪಾ, ಹೋಗೋವಾಗ ಗೋ ಅನ್ಬೇಕು. ಐ ಆಮ್ ಗೋಯಿಂಗ್."

"ಛೀ, ಬಿಡ್ತು ಅನ್ನು! ಹೊರಡೋವಾಗ ಹೋಗ್ತೀನಿ ಅಂತ ಯಾರಾದ್ರೂ ಅಂತಾರಾ? ನಮ್ಮಮ್ಮ ಇದ್ದಿದ್ರೆ ತಲೆ ಮೇಲೆ ಮೊಟಕ್ತಿದ್ಲು."

"ಇಂಗ್ಲಿಷಲ್ಲಿ ಅಂದ್ರೆ ಏನೂ ಆಗಲ್ಲಪ್ಪ."

"ಯಾವ ಭಾಷೇಲಿ ಅಂದ್ರೂ ಹೋಗೋದು ಹೋಗೋದೇ."

"ಇನ್ನೇನಾದ್ರೂ ಮೆತ್ತಗಿರೋದು ಹೇಳ್ಕೊಡೇ, ಪಾಪ" ಎಂದು ಹೆಂಡತಿ ನಡುವೆ ಬಾಯಿ ಹಾಕಿದಳು.

"ಹಾಗಾದ್ರೆ ಲೀವ್ ಅನ್ನು. ಅದೂ ಹೆಚ್ಚುಕಮ್ಮಿ ಅದೇ."

ಲೀವ್! ಮಾಸ್ಟರಿಗೆ ಹಿಡಿಸಿಬಿಟ್ಟಿತು. ವರ್ಷವಿಡೀ ಕೇಳಿದರೂ ಸಿಗದ ಪದಾರ್ಥ ಅದು. ಅಪಶಕುನದ ಸೋಂಕೂ ಇಲ್ಲ.

ಮರುದಿನ ಸಂಜೆ ಎದೆ ಸೆಟೆಸಿ ನಿಂತು "ಮೇಡಂ, ಐ ಆಮ್ ಲೀವಿಂಗ್" ಎಂದರು. ಮೇಡಂ ಮುಖ ಸಣ್ಣದಾಯಿತು. ನಿನ್ನೆ ಬೈದದ್ದು ಅತಿಯಾಯಿತೆಂದುಕೊಂಡರೋ ಏನೋ, "ಫಾರ್ ಗುಡ್?" ಎಂದು ಮೆಲ್ಲಗೆ ಕೇಳಿದರು. ಕೆಲಸ ಬಿಟ್ಟೇ ಹೋಗ್ತೀರಾ ಎಂದು ಆಕೆ ಕೇಳಿದ್ದು. ಮಾಸ್ಟರ ಕಿವಿಗೆ ಬಿದ್ದದ್ದು ಗುಡ್ ಒಂದೇ.

"ಗುಡ್ ಮೇಡಂ, ವೆರಿ ಗುಡ್!"

ಮೇಡಂ ಎದ್ದು ನಿಂತು ಕೈ ಕುಲುಕಿದರು. ಒಂದು ಪದ ಸರಿಯಾಗಿ ಆಡಿದ್ದಕ್ಕೆ ಇಷ್ಟೊಂದು ಮರ್ಯಾದೆಯೇ ಎಂದು ಮಾಸ್ಟರು ದಾರಿಯುದ್ದಕ್ಕೂ ಬೀಗಿದರು.

ಬೆಳಿಗ್ಗೆ ಬಂದು ನೋಡಿದರೆ ಅವರ ಟೇಬಲ್ಲಿನ ಮುಂದೆ ಯಾರೋ ಅಪರಿಚಿತ. ಕೈಯಲ್ಲಿ ಮಾಸ್ಟರದೇ ಕತ್ತರಿ.

"ಇಲ್ಲಿದ್ದೋರು ಕೆಲ್ಸ ಬಿಟ್ರಂತಲ್ಲ ಸಾರ್?" ಎಂದ ಆತ.

ಈ ವಯಸ್ಸಿನಲ್ಲಿ ಇನ್ಯಾರು ಕೆಲಸ ಕೊಡುತ್ತಾರೆ? ಮಾಸ್ಟರು ಮೇಡಂ ಕೋಣೆಗೆ ಓಡಿದರು. ಅಲ್ಲಿ ಕಾಲರೂ ಕಫೂ ಬಿಟ್ಟರೆ ಬಾಯಿಗೆ ಇನ್ನೇನೂ ಬರಲಿಲ್ಲ. ಮಗಳಿಗೆ ಫೋನ್ ಹಚ್ಚಿ ಮೇಡಂ ಮುಂದೆ ಹಿಡಿದರು.

ಮಗಳು ಇಂಗ್ಲಿಷಿನಲ್ಲಿ ಎಲ್ಲವನ್ನೂ ಬಿಡಿಸಿ ಹೇಳಿದಳು. ಆಮೇಲೆ ಅಪ್ಪನನ್ನು ಕೇಳಿದಳು: "ಅಪ್ಪಾ, ಮೇಡಂ ಕೇಳ್ತಿದ್ದಾರೆ. ಹೊರಡೋರೆಲ್ಲ ಬರ್ತೀನಿ ಅಂತಾರಾ? ತಿರುಗಿ ಬಾರದೋರೂ?"

"ಬಾರದೋರು ಇನ್ನೂ ಗಟ್ಟಿಯಾಗಿ ಅಂತಾರೆ ಅಂತ ಹೇಳಮ್ಮ."

ಮೇಡಂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಹೊಸಬನಿಗೆ ಪಕ್ಕದ ಟೇಬಲ್ ತೋರಿಸಿ, ಕತ್ತರಿಯನ್ನು ತಾವೇ ತಂದು ಮಾಸ್ಟರ ಕೈಗಿಟ್ಟರು. ಅಂದಿನಿಂದ ಸಂಜೆ ಮಾಸ್ಟರು ಅಚ್ಚಕನ್ನಡದಲ್ಲಿ ಬರ್ತೀನಿ ಅನ್ನುವುದು, ಮೇಡಂ ತಲೆದೂಗುವುದು ರೂಢಿಯಾಯಿತು.

ವರ್ಷ ಕಳೆದ ಮೇಲೆ ಮೇಡಂಗೆ ದೂರದ ಊರಿಗೆ ವರ್ಗವಾಯಿತು. ಕೊನೆಯ ಸಂಜೆ ಬ್ಯಾಗು ಹೆಗಲಿಗೇರಿಸಿ ಟೇಬಲ್ಲಿನ ಬಳಿ ಬಂದರು.

"ಮಾಸ್ಟ್ರೇ, ಬರ್ತೀನಿ" ಎಂದರು, ಗಟ್ಟಿಯಾಗಿ.

ಮಾಸ್ಟರಿಗೆ ಆಕೆಯ ಭಾಷೆಯಲ್ಲೇ ಏನಾದರೂ ಹೇಳಬೇಕೆನ್ನಿಸಿತು. ಗೋ ನಾಲಗೆಗೆ ಬರಲೊಲ್ಲದು. ಲೀವಿನ ಸಹವಾಸವಂತೂ ಸಾಕಪ್ಪಾ ಸಾಕು.

"ಕಮ್, ಮೇಡಂ" ಎಂದರು.

ಮೇಡಂ ಹೋದರು.