ಮೊಣಕೈಗೆ ತಿಳಿಯುವ ಬಿದಿರು

ನನ್ನ ಮಾವ ಅಂಬ್ರಪ್ಪನವರು ನಾರಾಯಣಪುರದ ಕಾಲುವೆಯಲ್ಲಿ ಗೇಟು ಎತ್ತಿ ಇಳಿಸುವ ಕೆಲಸ ಮಾಡಿ ನಿವೃತ್ತರಾದವರು. ದುಡಿದಷ್ಟು ವರ್ಷವೂ ಸಂಜೆ ಅದೇ ಕಾಲುವೆಗೆ ಗಾಳ ಹಾಕಿದವರು. ನನ್ನ ಗಂಡ ತೀರಿಕೊಂಡ ವರ್ಷ ಮಾವ ಗಾಳ ಮುಟ್ಟಲಿಲ್ಲ. ಮತ್ತೆ ಹಿಡಿಯುವ ಹೊತ್ತಿಗೆ ಸಕ್ಕರೆ ಕಾಯಿಲೆಯಿಂದ ಬೆರಳುಗಳಿಗೆ ಜೋಮು ಬಂದಿತ್ತು. ಮೀನು ಎರೆಹುಳ ತಿಂದು ಹೋದರೂ ಗೊತ್ತಾಗುತ್ತಿರಲಿಲ್ಲ. ಹದಿನೈದು ದಿನ ಬರಿಗೈಯಲ್ಲಿ ಬಂದ ಮೇಲೆ ಒಂದು ಬೆಳಿಗ್ಗೆ ಹೇಳಿದರು:

"ಸುರಪುರಕ್ಕ ಹೋಗೂಣ ನಡಿ ಯವ್ವಾ. ಹೊಸಾ ಕೋಲು ತರೂಣ. ಅದರಾಗೂ ತಿಳೀಲಿಲ್ಲಂದ್ರ ಗಾಳ ಮೌನಪ್ಪಗ ಕೊಟ್ಟು ಮನ್ಯಾಗ ಕುಂದರ್ತೀನಿ."

ಮೌನಪ್ಪ ಅವರ ಜೊತೆ ಗೇಟಿನಲ್ಲಿ ದುಡಿದವನು. ಅವನಿಗೆ ಏನನ್ನಾದರೂ ಕೊಡುವುದು ಮಾವನಿಗೆ ಸುಲಭದ ಮಾತಲ್ಲ.

ಸುರಪುರದಲ್ಲಿ ಬುಟ್ಟಿ, ಮೊರ ಹೆಣೆಯುವ ಲಾಲಮ್ಮನ ಅಂಗಳದ ಗೋಡೆಗೆ ಬಿದಿರು ಒರಗಿಸಿದ್ದರು. ಮಾವ ನೇರ ಹೋಗಿ ದಪ್ಪನೆಯ, ನೆಟ್ಟಗಿನ ಕೋಲೊಂದನ್ನು ಎತ್ತಿಕೊಂಡರು.

"ಇದು ನೋಡು, ಹೆಂಗದ."

"ಮನಿಗೆ ತೊಲಿ ಬೇಕಾಗಿತ್ತೇನ್ರಿ ಅಣ್ಣಾರ?" ಅಂದಳು ಲಾಲಮ್ಮ, ಕೈಯಲ್ಲಿದ್ದ ಬಿದಿರಿನ ಸೀಳು ಬಿಡದೆ.

ಕೋಲು ಗಾಳಕ್ಕೆಂದು ಹೇಳಿ, ನಾನು ಬೆರಳಿನ ವಿಷಯವನ್ನೂ ಹೇಳಿದೆ. ಮಾವ ನನ್ನತ್ತ ಗುರಾಯಿಸಿದರು. ಲಾಲಮ್ಮ ಎದ್ದು ಕೋಲಿನ ನಡುವನ್ನು ಕಲ್ಲಿನ ಮೇಲಿಟ್ಟು, ತುದಿಯ ಟೊಳ್ಳಿನಲ್ಲಿ ನಾಲ್ಕು ಕಾಳು ಜೋಳ ತುಂಬಿ, ಬುಡವನ್ನು ಮಾವನ ಕೈಗೆ ಕೊಟ್ಟಳು.

"ಕಣ್ಣು ಮುಚ್ರಿ. ನಮ್ಮ ಕೋಳಿ ಕುಕ್ಕಿದಾಗ ಹೇಳ್ರಿ."

ಕೋಳಿ ಬಂದು ಟಕ್ಕನೆ ಕುಕ್ಕಿತು. ಮಾವ ಸುಮ್ಮನಿದ್ದರು. ಮತ್ತೆರಡು ಸಲ ಕುಕ್ಕಿ, ಕಾಳು ಮುಗಿಸಿ, ನೀರಿನ ತಟ್ಟೆಯ ಕಡೆ ಹೋಯಿತು.

"ಹಾಂ, ಈಗ ಕುಕ್ಕಿತು," ಅಂದರು ಮಾವ.

"ಕೋಳಿ ಹೋಗಿ ನೀರು ಕುಡ್ಯಾಕತ್ತದ್ರಿ," ಅಂದಳು ಲಾಲಮ್ಮ.

ನಾನು ಸೆರಗು ಬಾಯಿಗಿಟ್ಟುಕೊಂಡೆ. ನಕ್ಕು ಬಹಳ ದಿನವಾಗಿತ್ತು.

ಮಾವ ಆರು ಕೋಲು ನೋಡಿದರು. ಹಸಿ ಬಿದಿರು ಭಾರವಾಗಿ ಮೂಕನಂತಿತ್ತು. ಗಿಣ್ಣು ದೂರವಿದ್ದದ್ದು ಸುಮ್ಮನೆ ಬಳುಕುತ್ತಿತ್ತು. ಒಂದರಲ್ಲೂ ಸರಿಯಾಗಿ ಹೇಳಲಿಲ್ಲ. ಕೊನೆಗೆ ಕೈ ಕೊಡವಿದರು.

"ಸಾಕು ಬಿಡವ್ವಾ. ಕೋಲಿಂದಲ್ಲ ತಪ್ಪು."

"ಬೆರಳಿಗೆ ಯಾಕ ಕೇಳ್ತೀರಿ? ಮೊಣಕೈಗೆ ಕೇಳ್ರಿ," ಅಂದಳು ಲಾಲಮ್ಮ. ಮೂಲೆಯಿಂದ ಒಣಗಿದ, ಬೆರಳಿನಷ್ಟೇ ದಪ್ಪದ ಬಿದಿರೊಂದನ್ನು ತಂದಳು. ಗಿಣ್ಣು ಹತ್ತಿರ ಹತ್ತಿರ ಇದ್ದವು, ನಡುವೆ ಸೊಟ್ಟ. ಬುಡವನ್ನು ಮಾವನ ಮುಂಗೈಯುದ್ದಕ್ಕೂ ಒತ್ತಿ ಮೊಣಕೈಗೆ ತಾಗಿಸಿ, ಬಟ್ಟೆಯಿಂದ ಸಡಿಲಾಗಿ ಕಟ್ಟಿದಳು.

"ಇಂಥಾ ಸೊಟ್ಟ ಕೋಲು ಹಿಡಕೊಂಡು ದಂಡಿಮ್ಯಾಲ ಕುಂತ್ರ ಮೌನಪ್ಪ ಊರೆಲ್ಲಾ ಹೇಳಿಕೊಂಡು ಬರ್ತಾನ," ಅಂದರು ಮಾವ.

"ಮೀನು ನೀರಾಗಿಂದ ಕೋಲು ನೋಡಿ ಬರತಾವೇನ್ರಿ?"

ಲಾಲಮ್ಮ ತುದಿಗೆ ಮತ್ತೆ ಕಾಳಿಟ್ಟಳು. ಮಾವ ಕಣ್ಣು ಮುಚ್ಚಿದರು. ಕೋಳಿ ಕುಕ್ಕಿತು.

"ಈಗ," ಅಂದರು.

ಸ್ವಲ್ಪ ತಡೆದು, "ಈಗ." ಆಮೇಲೆ ಕೋಳಿ ಕುತ್ತಿಗೆ ತಿರುಗಿಸಿ ನನ್ನನ್ನೇ ನೋಡುತ್ತ ನಿಂತಿತು. ಮಾವ ಬಾಯಿ ಬಿಡಲಿಲ್ಲ. ಅದು ಮತ್ತೆ ಕುಕ್ಕಿದಾಗ, "ಈಗ" ಅನ್ನುವಾಗ ಅವರ ದನಿ ಸಣ್ಣದಾಗಿತ್ತು.

ಕಣ್ಣು ತೆರೆದು ನನ್ನನ್ನು ಕೇಳಿದರು, "ಖರೇನ ಕುಕ್ಕಿತೇನು?"

"ಹೌದ್ರಿ ಮಾವಾರ. ಮೂರೂ ಖರೇ."

ನೆಟ್ಟಗಿನ ಕೋಲಿನ ಕಡೆ ಒಮ್ಮೆ ನೋಡಿದರು. ಆಮೇಲೆ ಸೊಟ್ಟದ್ದನ್ನೇ ಬಸ್ಸಿನ ಮೇಲೆ ಏರಿಸಿ ತಂದೆವು.

ನೂಲು, ಗಾಳ ಕಟ್ಟಿ ಮುಗಿಸಲು ಎರಡು ದಿನ ಹಿಡಿಯಿತು. ಮೂರನೆಯ ಸಂಜೆ ದಂಡೆಯಲ್ಲಿ ಮೌನಪ್ಪ ಕಾಯುತ್ತಿದ್ದವನಂತೆ ಬಂದ.

"ಏನೋ ಅಂಬ್ರಾ, ಕೈ ಮುರಕೊಂಡೀಯೇನು? ಕಟ್ಟಿಗಿ ಕಟ್ಯಾರ."

"ಸುಮ್ಕಿರೋ," ಅಂದರು ಮಾವ, ಮತ್ತು ಮೊಣಕೈ ಎತ್ತಿದರು.

ಎರಡು ಗೇಣಿನ ಬಾಳೆ ಮೀನು ಹುಲ್ಲಿನ ಮೇಲೆ ಬಿದ್ದು ಬಾಲ ಬಡಿಯಿತು. ಕತ್ತಲಾಗುವ ಮೊದಲು ಮತ್ತೆರಡು ಬಂದವು. ಮೌನಪ್ಪ ಪಕ್ಕದಲ್ಲಿ ಕೂತು ಕೋಲನ್ನು ಬುಡದಿಂದ ತುದಿಯವರೆಗೆ ನೋಡಿದ.

"ಎಲ್ಲಿ ತಂದೀಪಾ ಇದನ್ನ? ನನಗೂ ಒಂದು ಬೇಕಿತ್ತು."

"ನಿನಗ್ಯಾಕೋ?" ಅಂದರು ಮಾವ, ಹೊಸ ಎರೆ ಸಿಕ್ಕಿಸಲು ಗಾಳವನ್ನು ನನ್ನ ಕೈಗೆ ಕೊಡುತ್ತ. "ನಿನ್ನ ಬೆರಳು ಚಲೋ ಅದಾವಲ್ಲ."