ಭಾಗ್ಯಾ ಬರೆದ ಮೊಹರಂ

ಜೇವರ್ಗಿಯ ಕಾನ್ವೆಂಟ್ ಶಾಲೆಗೆ ಹಿಲ್ಡಾ ಟೀಚರ್ ಬಂದು ಎರಡು ತಿಂಗಳೂ ತುಂಬಿರಲಿಲ್ಲ. ಊರು ಬಂಟ್ವಾಳ. ಏಳನೇ ತರಗತಿಗೆ ಇತಿಹಾಸದ ಜೊತೆ ಧರ್ಮ-ನೀತಿಯ ಪಾಠವೂ ಅವರದೇ. ನಲವತ್ತೊಂದು ಮಕ್ಕಳಲ್ಲಿ ಕ್ರೈಸ್ತರು ಮೂವರು. ಎಲ್ಲ ಧರ್ಮಗಳ ಪರಿಚಯವೂ ಆಗಲಿ ಎಂದಿದ್ದರು ಹೆಡ್ ಸಿಸ್ಟರ್. ಅದಕ್ಕೇ ಟೀಚರ್ ‘ನಮ್ಮ ಮನೆಯ ಹಬ್ಬ’ ಎಂದು ಹತ್ತು ಅಂಕದ ಪ್ರಬಂಧ ಬರೆಸಿದರು.

ಗುರುವಾರ ತಿದ್ದಲು ಕೂತರು. ಗುಲನಾಜ ಮೊಹರಂ ಬಗ್ಗೆ ಬರೆದಿದ್ದಳು. ಅದರ ಕೆಳಗಿದ್ದ ಭಾಗ್ಯಾಳ ನೋಟ್‌ಬುಕ್ ತೆರೆದರೆ ಅಲ್ಲೂ ಮೊಹರಂ! ಇಬ್ಬರೂ ಒಂದೇ ಬೆಂಚಿನವರು. ದಿನಾ ಹಣೆಗೆ ವಿಭೂತಿ ಹಚ್ಚಿಕೊಂಡು ಬರುವ ಹುಡುಗಿಗೆ ಮೊಹರಂ ಎಲ್ಲಿಂದ ಬಂತು? ಟೀಚರ್ ಶೀರ್ಷಿಕೆಯಿಂದ ಮುಂದೆ ಓದಲಿಲ್ಲ. ಕೆಂಪು ಶಾಯಿಯಲ್ಲಿ ಸೊನ್ನೆ ಸುತ್ತಿ ‘ನಕಲು’ ಎಂದು ಬರೆದರು. ತರಗತಿಯಲ್ಲಿ ಎಲ್ಲರೆದುರು ಆ ಸೊನ್ನೆಯನ್ನು ಓದಿ ಹೇಳಿ, ಭಾಗ್ಯಾಳಿಗೆ ಮನೆಯವರನ್ನು ಕರೆತರಲು ಹೇಳಿದರು.

ನಕಲು ಮಾಡಿದವರಿಗೆ ಶಾಲೆಯ ತಂಡದಲ್ಲಿ ಜಾಗವಿಲ್ಲ ಎಂಬುದು ನಿಯಮ. ಶನಿವಾರ ಕಲಬುರಗಿಯಲ್ಲಿ ಇತಿಹಾಸದ ಕ್ವಿಜ್ ಇತ್ತು. ತಂಡದ ನಾಯಕಿ ಭಾಗ್ಯಾ. ಆಕೆಯನ್ನು ಆರಿಸಿದ್ದು ಹಿಲ್ಡಾ ಟೀಚರೇ.

ಶುಕ್ರವಾರ ಭಾಗ್ಯಾಳ ಅಜ್ಜಿ ಬಾಳಮ್ಮ ಮೊದಲ ಬಸ್ಸಿಗೇ ಹಳ್ಳಿಯಿಂದ ಬಂದಿಳಿದರು.

“ಟೀಚರಮ್ಮ, ನಮ್ಮ ಹುಡುಗಿ ಏನ್ ತಪ್ಪ ಮಾಡ್ಯಾಳ್ರಿ? ನಿನ್ನಿಯಿಂದ ರೊಟ್ಟಿ ಮುಟ್ಟಿಲ್ಲ.”

“ಮನೆಯ ಹಬ್ಬ ಬರೆ ಅಂದರೆ ಪಕ್ಕದವಳದ್ದನ್ನು ನೋಡಿ ಬರೆದಿದ್ದಾಳಮ್ಮ. ಮೊಹರಂ ನಿಮ್ಮ ಹಬ್ಬವಾ?”

“ಮತ್ತ ಯಾರದ್ರಿ?”

“ಮುಸ್ಲಿಮರದ್ದಲ್ಲವಾ?”

“ನಮ್ಮೂರಾಗ ಅವರದೊಂದ ಮನೀನೂ ಇಲ್ರಿ. ಮುಲ್ಲಾ ಬಾಜೂ ಊರಿಂದ ಬಂದು ಓದಿ ಹೋಗ್ತಾನ. ಮೊಹರಂದಾಗ ಪೀರ ದೇವರ ಹಿಡಿದು ಮೆರಸೋರು ನಮ್ಮ ಮನಿಯವರೇ. ಈಕಿ ಹುಟ್ಟಿದಾಗ ಹರಕಿ ಹೊತ್ತಿದ್ದೆ, ವರ್ಷಾ ದಾರ ಕಟ್ಟಿಸ್ಕೊಂಡು ಫಕೀರ ಆಗ್ತಾಳ.”

ಭಾಗ್ಯಾ ಮುಂಗೈಯ ಕೆಂಪು ದಾರ ತೋರಿಸಿದಳು.

“ನಿಮ್ಮೂರಾಗ ಪೀರ ದೇವರ ಕೂಡಸೂದಿಲ್ಲೇನ್ರಿ?” ಎಂದರು ಬಾಳಮ್ಮ.

“ಇಲ್ಲಮ್ಮ.”

“ಅಯ್ಯ, ಪಾಪ!” ಬಾಳಮ್ಮನಿಗೆ ನಿಜಕ್ಕೂ ಕನಿಕರವಾಯಿತು.

ಬಾಗಿಲ ಮರೆಯಲ್ಲಿ ಕೇಳಿಸಿಕೊಳ್ಳುತ್ತಿದ್ದ ಗುಲನಾಜ ಒಳಗೆ ನುಗ್ಗಿದಳು. “ಮಿಸ್, ನಾ ಬರದಿದ್ದೇ ಬ್ಯಾರೆ ಅದ್ರಿ! ನಮ್ಮನ್ಯಾಗ ರೋಜಾ ಉಪವಾಸ ಇರ್ತೀವಿ, ಅಷ್ಟೇ. ಕುಣಿಯೋದು, ಹುಲಿ ಆಗೋದು ಎಲ್ಲಾ ಇವರದೇ. ನಮ್ಮ ಅಬ್ಬಾ ನನಗ ನೋಡಾಕೂ ಬಿಡಲ್ಲ. ನಾನೇ ಈಕಿ ಕಡಿಂದ ಕೇಳಿ ತಿಳ್ಕೊಂಡೇನಿ.”

ಹಿಲ್ಡಾ ಟೀಚರ್ ಎರಡೂ ನೋಟ್‌ಬುಕ್ ಅಕ್ಕಪಕ್ಕ ಇಟ್ಟು, ಮೊದಲ ಸಲ ಪೂರ್ತಿ ಓದಿದರು. ಒಂದು ವಾಕ್ಯವೂ ತಾಳೆಯಾಗಲಿಲ್ಲ. ಭಾಗ್ಯಾಳದರಲ್ಲಿ ಅವಳ ಅಪ್ಪ ಗುರುಪಾದ ಹುಲಿ ವೇಷ ಹಾಕಿ ಮನೆಗೆ ಬಂದಾಗ ಅವರದೇ ಎಮ್ಮೆ ಹಗ್ಗ ಹರಿದುಕೊಂಡು ಓಡಿತ್ತು. ಟೀಚರ್ ನಕ್ಕುಬಿಟ್ಟರು, ಕೂಡಲೇ ಕಿವಿ ಬೆಚ್ಚಗಾಯಿತು. ಆಧಾರ ನೋಡದೆ ಬರೆದದ್ದು ಇತಿಹಾಸವಲ್ಲ ಎಂದು ಜೂನ್ ತಿಂಗಳಿಡೀ ಹೇಳಿಕೊಟ್ಟವರು ತಾವೇ.

“ಸೊನ್ನೆ ತೆಗೀತೇನೆ ಮಾರಾಯ್ತಿ.”

“ಕ್ಲಾಸಿನ್ಯಾಗ ಓದೀರಿ ಮಿಸ್,” ಎಂದಳು ಭಾಗ್ಯಾ. “ತಗಿಯೋದೂ ಅಲ್ಲೇ ತಗೀರಿ.”

ಬಾಳಮ್ಮನನ್ನೂ ಕರೆದುಕೊಂಡು ಟೀಚರ್ ತರಗತಿಗೆ ಹೋದರು. “ಭಾಗ್ಯಾ ನಕಲು ಮಾಡಿಲ್ಲ. ನಾನು ಓದಿರಲಿಲ್ಲ. ತಪ್ಪು ನನ್ನದು.”

ಹಿಂದಿನ ಬೆಂಚಿನಿಂದ ಚಂದಪ್ಪ ಎದ್ದ. “ಮಿಸ್, ನಂದೂ ಮೊಹರಂ ಅದ್ರಿ. ನನಗೂ ಸೊನ್ನಿ ಹಾಕೀರೇನ್ರಿ?” ತರಗತಿಯೆಲ್ಲ ಹೋ ಎಂದಿತು. ತಿದ್ದದೆ ಉಳಿದ ರಾಶಿಯಲ್ಲಿ ಇನ್ನೂ ಒಂಬತ್ತು ಮೊಹರಂ ಸಿಕ್ಕವು.

ಭಾಗ್ಯಾಳಿಗೆ ಎಂಟು ಅಂಕ ಬಿತ್ತು.

“ಎರಡ್ಯಾಕ ಕಡದೀರ್ರಿ?” ಬಾಳಮ್ಮ ಬಿಡಲಿಲ್ಲ.

“ಹುಸೇನರು ಮಡಿದ ಕರ್ಬಲಾ ಭೀಮಾ ನದಿಯ ಆಚೆ ದಂಡೆಯಲ್ಲಿದೆ ಅಂತ ಬರೆದಿದ್ದಾಳೆ.”

“ಮೊಹರಂ ಪದದಾಗ ಹಂಗ ಅದ್ರಿ. ನಮ್ಮತ್ತಿನೂ ಹಂಗ ಹಾಡ್ತಿದ್ಳು.”

ಟೀಚರ್ ಗೋಡೆಯ ನಕಾಶೆಯ ಮೇಲೆ ಕಲಬುರಗಿಯಿಂದ ಹೊರಟು, ಸಮುದ್ರ ದಾಟಿ, ಇರಾಕಿನ ತನಕ ಬೆರಳು ಎಳೆದರು. ಬಾಳಮ್ಮ ಬಾಯಿಯ ಮೇಲೆ ಕೈಯಿಟ್ಟುಕೊಂಡರು. “ಯವ್ವಾ! ಇಷ್ಟ ದೂರದಿಂದ ವರ್ಷಾ ನಮ್ಮೂರಿಗಿ ಬರ್ತಾನಲ್ರಿ ಹುಸೇನಸಾಬ! ಎರಡ ಮಾರ್ಕ್ಸ್ ಹೋದ್ರ ಹೋಗಲಿ ಬಿಡ್ರಿ.”

“ನಾಳೆ ಆರೂವರೆಗೆ ಬಸ್‌ಸ್ಟ್ಯಾಂಡಿನಲ್ಲಿರಬೇಕು, ನಾಯಕಿ,” ಎಂದರು ಟೀಚರ್. “ಕರ್ಬಲಾ ಎಲ್ಲಿದೆ?”

“ಇರಾಕಿನ್ಯಾಗ್ರಿ,” ಎಂದಳು ಭಾಗ್ಯಾ. ಅಜ್ಜಿಯ ಮುಖ ನೋಡಿ ಮೆಲ್ಲಗೆ ಸೇರಿಸಿದಳು: “ಪದದಾಗ ಭೀಮಾ ದಂಡಿಗಿ.”