ಹ್ಞೂಂ ಅಂದರೆ ಹೌದಲ್ಲ

ಚಂದವ್ವ ತನ್ನ ಹೊಲದಲ್ಲಿ ಕೆಂಪು ಬಾವುಟ ನೆಡುತ್ತಿದ್ದ ಅಳತೆಯವರನ್ನು ಕೇಳಿದರೆ, "ಆಯಿ, ನೀವ ಫೋನಿನ್ಯಾಗ ಒಪ್ಪೀರಲ್ರಿ" ಅಂದರು. ಅವಳು ಗಡಿಯ ಜತ್ತ ಪಟ್ಟಣದಲ್ಲಿದ್ದ ಅಣ್ಣನ ಮಗಳು ಕಾಜಲಗೆ ಫೋನ್ ಹಚ್ಚಿದಳು.

"ಯವ್ವಾ, ನನ್ನ ಹೊಲದಾಗ ಸೋಲಾರ ಹಲಗಿ ಕುಂದ್ರಸ್ತಾರಂತ, ಮೂವತ್ತು ವರ್ಷ! ನಾ ಯಾವಾಗ ಒಪ್ಪೀನಿ? ಆಡು ಎಲ್ಲಿ ಮೇಯಿಸ್ಲಿ?"

ಹಾಗೆ ಫೋನ್ ಮಾಡಿ ಒಪ್ಪಿಗೆ ಕೇಳುವ ಯಂತ್ರವನ್ನು ಮಾಡಿದವಳು ಕಾಜಲಳೇ.

ಅವಳು ಕೆಲಸ ಮಾಡುವುದು ಸಣ್ಣ ಸಾಫ್ಟ್‌ವೇರ್ ಆಫೀಸಿನಲ್ಲಿ. ಸೋಲಾರ್ ಕಂಪನಿಯವರಿಗೆ ಊರೂರು ಅಲೆಯುವ ತ್ರಾಸ ಬೇಡವಾಗಿತ್ತು, ಅದಕ್ಕೇ ಈ ಯಂತ್ರ ಮಾಡಿಸಿದ್ದರು. ಈಗಂತೂ ಕೋಡನ್ನೂ ಎಐ ಬರೆಯುತ್ತದೆ. ಮನುಷ್ಯರು ಓದಿದಂತೆ ಮಾಡಿ ಪಾಸ್ ಅನ್ನುತ್ತಾರೆ. ಗಡಿಯ ಕನ್ನಡ ಬೇಕೆಂದು ಕಾಜಲಳ ದನಿಯನ್ನೇ ಯಂತ್ರಕ್ಕೆ ಕಲಿಸಿದ್ದರು. ಆಗ ಅವಳು ಹಿಗ್ಗಿ ಹೀರೇಕಾಯಿಯಾಗಿದ್ದಳು. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಳ್ಳುವುದು ಅಂದರೆ ಇದೇ.

'ಹೌದು' ಅನ್ನಲು ಎಐ ಆರಿಸಿದ ಮಾತುಗಳಲ್ಲಿ 'ಹ್ಞೂಂ' ಕೂಡ ಇತ್ತು. ಪರೀಕ್ಷೆಗೆ ಕೂತವರು ಆಫೀಸಿನವರೇ. ಶಾಲೆಯ ಮಕ್ಕಳು ಮಗ್ಗಿ ಒಪ್ಪಿಸಿದಂತೆ 'ಹೌದು', 'ಬ್ಯಾಡ' ಎಂದು ಒದರಿದರು. ಎಲ್ಲ ಸರಿ ಬಂತು. ಆಡು ಕಾಯುವ ಒಬ್ಬ ಮುದುಕಿಯನ್ನಾದರೂ ಕೂರಿಸಿ ನೋಡಬೇಕೆಂದು ಆ ಶಾಣ್ಯಾರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಕಾಜಲ ಅತ್ತೆಯ ಕರೆಯ ರೆಕಾರ್ಡಿಂಗ್ ಹಾಕಿ ಕೇಳಿದಳು. ಮೊದಲು ತನ್ನದೇ ದನಿ.

"ಆಯಿ, ಊಟ ಆತೇನ್ರಿ? ನಿಮ್ಮ ಹೊಲಾ ಮೂವತ್ತು ವರ್ಷ ಲೀಜಿಗಿ ಕೊಡಾಕ ಒಪ್ಪಿಗಿ ಐತೇನ್ರಿ?"

"ಹ್ಞೂಂ... ಹ್ಞೂಂ. ಮುಂದ ಹೇಳ ಕಾಜಲ, ಕೇಳಾಕತ್ತೀನಿ."

"ನಿಮ್ಮ ಒಪ್ಪಿಗಿ ದಾಖಲ ಆತ್ರಿ."

ಅತ್ತೆಯ ಊರಾದ ತಿಕೋಂಡಿಯಲ್ಲಿ ಹ್ಞೂಂ ಅನ್ನುವುದು ಒಪ್ಪಿಗೆಯಲ್ಲ, ಮರ್ಯಾದೆ. ಎದುರಿನವರು ಮಾತಾಡುವಾಗ ಸುಮ್ಮನೆ ಕೂತರೆ ಗೋಡೆಯ ಜೊತೆ ಮಾತಾಡಿದ ಹಾಗಾಗುತ್ತದೆ. ಕಾಜಲ ಈ ಅತ್ತೆಯ ಕೈಯಲ್ಲೇ ಬೆಳೆದವಳು. ಕತೆಯ ನಡುವೆ ಅವಳ ಹ್ಞೂಂ ನಿಂತರೆ ಅತ್ತೆ ಕತೆಯನ್ನೇ ನಿಲ್ಲಿಸುತ್ತಿದ್ದಳು. ಅಂಥ ಕಾಜಲಳೇ ಆ ಮಾತನ್ನು 'ಹೌದು' ಎಂದು ಪಾಸ್ ಮಾಡಿದ್ದಳು. ಅವಳಿಗೆ ತನ್ನ ಮೇಲೇ ಹೇಸಿಕೆ ಬಂತು.

"ಸರ್, ಹ್ಞೂಂ ತಗದಬಿಡೂಣ್ರಿ" ಎಂದು ಆಫೀಸು ನಡೆಸುವ ಶಿವಪುತ್ರನ ಮುಂದೆ ನಿಂತಳು.

"ಒಂದು ಹ್ಞೂಂ ತಗದ್ರ ಎಲ್ಲಾರ ಹ್ಞೂಂ ತಗೀಬೇಕಾಗ್ತದ. ಬಿಳೂರ, ಯಳವಿ, ಎಲ್ಲಾ ಊರಿನ ಒಪ್ಪಿಗಿ ಕೆಡ್ತಾವ. ಆಫೀಸಿಗಿ ಕೀಲಿ ಹಾಕೂಣೇನು?"

"ಹಂಗಾದ್ರ ನಾ ಕೆಲಸ ಬಿಡ್ತೀನ್ರಿ."

"ಬಿಡವಾ. ನಿನ್ನ ದನಿ ಇಲ್ಲೇ ಇರ್ತದ. ಸಹಿ ಮಾಡಿ ಕೊಟ್ಟೀದಿ."

ಒಪ್ಪಿಗೆ ಹಿಂದೆ ಪಡೆಯುವ ದಾರಿಯನ್ನು ಆಮೇಲೆ ಮಾಡಿದರಾಯಿತು ಎಂದು ಯಂತ್ರ ಮಾಡುವಾಗ ಆಫೀಸಿನವರೇ ಬಿಟ್ಟಿದ್ದರು. ಈಗ ಉಳಿದದ್ದು ಒಂದೇ ಕಿಂಡಿ. ಲೀಜಿನ ಕಾಗದ ಮಾಡುವ ಮುಂಚೆ ಯಂತ್ರ ಖಾತ್ರಿಗಾಗಿ ಇನ್ನೊಮ್ಮೆ ಕೇಳುತ್ತದೆ. 'ಬ್ಯಾಡ' ಮಾತ್ರ ಗೊತ್ತಿದ್ದ ಅದು ಅತ್ತೆಯಂಥವರು ಆಡುವ 'ಒಲ್ಲೆ'ಯನ್ನೂ ತಿಳಿಯುವಂತೆ ಮಾಡಲು, ಹಳೆಯ ಒಪ್ಪಿಗೆ ಯಾವುದೂ ತಾನಾಗಿ ಕೆಡದ್ದರಿಂದ, ಶಿವಪುತ್ರ ಒಪ್ಪಿದ. ಅಷ್ಟು ಮಾಡಿ ಕಾಜಲ ತಿಕೋಂಡಿಯ ಬಸ್ಸು ಹತ್ತಿದಳು.

"ಅತ್ತಿ, ಇವತ್ತ ಫೋನಿನ್ಯಾಗ ಮಾತಾಡಾಕಿ ನಾ ಅಲ್ಲ, ಮಶೀನು. ನನ್ನ ದನಿ ಕೇಳಿ ಮೋಸ ಹೋಗಬ್ಯಾಡ. ಏನ ಕೇಳಿದ್ರೂ 'ಒಲ್ಲೆ' ಅನ್ನು."

"ಹ್ಞೂಂ."

"ಅದನ್ನ ಅನಬ್ಯಾಡ ಅನಾಕತ್ತೀನಿ!"

ಚಂದವ್ವ ನಕ್ಕಳು. "ನಿನ್ನ ದನಿಗಿ ಒಲ್ಲೆ ಅಂತ ಹೆಂಗ ಅನ್ಲೆವಾ? ನಾಲಿಗಿ ಹೊಳ್ಳೂದಿಲ್ಲ."

"ಹೊಳ್ಳಸಬೇಕು. ಇಲ್ಲಾಂದ್ರ ಹೊಲಾ ಹೋಗ್ತದ."

ಮಧ್ಯಾಹ್ನ ಫೋನ್ ಬಂತು. ತನ್ನ ಮಾತು ನಡುವೆ ಸೇರಬಾರದೆಂದು ಕಾಜಲ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಆಯಿ, ಊಟ ಆತೇನ್ರಿ?"

ಚಂದವ್ವ ಫೋನನ್ನು ನೋಡಿದಳು, ಆಮೇಲೆ ಕಾಜಲಳ ಮುಚ್ಚಿದ ಬಾಯನ್ನು ನೋಡಿದಳು. ಮುಖದ ಮೇಲಿನ ನಗು ಇಳಿಯಿತು. ದೆವ್ವ ಕಂಡವರ ಹಾಗೆ ಗೋಡೆಗೆ ಸರಿದು ಕೂತಳು.

"ಒಲ್ಲೆ."

"ಹೊಲಾ ಲೀಜಿಗಿ ಕೊಡಾಕ ಒಪ್ಪಿಗಿ ಐತೇನ್ರಿ?"

"ಒಲ್ಲೆ. ಒಲ್ಲೆ!"

"ನಿಮ್ಮ ಒಪ್ಪಿಗಿ ರದ್ದ ಆತ್ರಿ."

ಕಾಜಲ ಕುಣಿದಾಡಿ ಅತ್ತೆಯನ್ನು ತಬ್ಬಿಕೊಂಡಳು. ಅತ್ತೆ ಮಾತ್ರ ಇನ್ನೂ ಫೋನನ್ನೇ ನೋಡುತ್ತಿದ್ದಳು. ಇಬ್ಬರೂ ಹೊಲಕ್ಕೆ ಹೋಗಿ ಬಾವುಟ ಕಿತ್ತರು. ಸಂಜೆಯ ಬಸ್ಸಿಗೆ ಕಾಜಲ ಜತ್ತಕ್ಕೆ ಮರಳಿದಳು, ಮುಟ್ಟಿದ ಕೂಡಲೇ ಫೋನ್ ಹಚ್ಚಿದಳು.

"ಅತ್ತಿ, ಮುಟ್ಟೀನಿ. ಬಸ್ಸಿನ್ಯಾಗ ಭಾಳ ಗದ್ಲ ಇತ್ತು."

ಹ್ಞೂಂ ಬರಲಿಲ್ಲ.

"ಅತ್ತಿ, ಕೇಳಾಕತ್ತೀಯಿಲ್ಲೋ? ಊಟ ಆತೇನು?"

ಅಂದ ಮೇಲೆ ಅವಳಿಗೆ ತಿಳಿಯಿತು, ಯಂತ್ರ ಕೇಳುವುದೂ ಇದನ್ನೇ. ಗಾಬರಿಯಾಗಿ ಕೂಗಿದಳು, "ಅತ್ತಿ, ನಾನ, ಖರೇನ ಕಾಜಲ!"

"ಒಲ್ಲೆ" ಎಂದು ಚಂದವ್ವ ಫೋನ್ ಇಟ್ಟಳು.